ಕೈ ಎತ್ತು ಅಂದೆ, ಹೆಗಲು ಎತ್ತು ಅಂದೆನಾ?

ಬೀಜಿಂಗಿನ ಟಿಯಾಂಟಾನ್ ಉದ್ಯಾನದ ಹಳೆಯ ಸೈಪ್ರೆಸ್ ಮರಗಳ ಕೆಳಗೆ ಈ ವಾರ ಕಂಡ ಒಂದು ದೃಶ್ಯ ತಲೆಯಿಂದ ಇಳಿಯುತ್ತಲೇ ಇಲ್ಲ. ಬಾದುವಾನ್‌ಜಿನ್ ಎಂಬ ಚೀನೀ ಅಂಗಸಾಧನೆಯ ಬೆಳಗಿನ ಗುಂಪಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಒಬ್ಬ ತರುಣನ ಎರಡೂ ಹೆಗಲ ಮೇಲೆ ಬೆರಳಿಟ್ಟು ಹೇಳಿದರು: "ಕೈ ಎತ್ತು ಅಂದೆ ಕಣಪ್ಪಾ, ಹೆಗಲು ಎತ್ತು ಅಂದೆನಾ?"

"ಅದು ತಾನಾಗೇ ಏಳುತ್ತಲ್ಲ ಟೀಚರ್."

"ಏಳುತ್ತೆ ಅಂತ ಗೊತ್ತಾಯ್ತಲ್ಲ, ಇವತ್ತಿಗೆ ಅಷ್ಟು ಸಾಕು."

ಎಂಥ ಒಳ್ಳೆಯ ಪಾಠ! ಬಾದುವಾನ್‌ಜಿನ್‌ನಲ್ಲಿ ಇರುವುದು ಎಂಟೇ ಚಲನೆ. 2003ರಲ್ಲಿ ಚೀನಾದ ಕ್ರೀಡಾ ಆಡಳಿತ ರೂಪಿಸಿದ ಕ್ರಮದಲ್ಲಿ ಮೊದಲ ಏಳನ್ನು ಆರಾರು ಸಲ, ಕೊನೆಯದನ್ನು ಏಳು ಸಲ ಮಾಡುತ್ತಾರೆ. ಹನ್ನೆರಡು ನಿಮಿಷದಲ್ಲಿ ಮುಗಿಯುತ್ತದೆ. ಆಕಾರ ಕಲಿಯಲು ಒಂದು ವಾರ ಸಾಕು. ಕಷ್ಟವಿರುವುದು ಆ ಹೆಗಲಿನಲ್ಲಿ.

ಆ ಹುಡುಗ ಮಾಡುತ್ತಿದ್ದದ್ದು ಮೊದಲ ಚಲನೆ, ಎರಡು ಕೈಗಳಿಂದ ಆಕಾಶವನ್ನು ಎತ್ತಿಹಿಡಿಯುವುದು. ಹೊಕ್ಕುಳ ಕೆಳಗೆ ಬೆರಳು ಹೆಣೆದು, ಅಂಗೈ ಮೇಲ್ಮುಖವಾಗಿ ಎದೆಯವರೆಗೆ ತಂದು, ಅಲ್ಲಿ ಅಂಗೈ ತಿರುಗಿಸಿ ಮೇಲಕ್ಕೆ ತಳ್ಳಬೇಕು. ಏರುವಾಗ ಉಸಿರು ಒಳಗೆ. ತುದಿಯಲ್ಲಿ ಗಲ್ಲ ಒಳಗೆಳೆದು ಒಂದೆರಡು ಕ್ಷಣ ನಿಂತು, ಕೈಗಳನ್ನು ಪಕ್ಕದಿಂದ ಇಳಿಸುತ್ತಾ ಉಸಿರು ಬಿಟ್ಟು, ಮಂಡಿ ತುಸು ಸಡಿಲಿಸಬೇಕು. ಹೆಗಲು ಕಿವಿಯ ಹತ್ತಿರ ಹೋಯಿತೆಂದರೆ ಕತ್ತು ಬಿಗಿಯುತ್ತದೆ. ಭುಜದ ಕೀಲು ಗಡುಸಾಗಿದ್ದವರಿಗೆ ಕೈ ಮೇಲೆ ಹೋಗುವುದಿಲ್ಲ, ಆ ಕೊರತೆ ತುಂಬಲು ಸೊಂಟ ಹಿಂದಕ್ಕೆ ಬಾಗುತ್ತದೆ. ಅಂಥವರು ಕೈಯನ್ನು ಹಣೆಯ ಮಟ್ಟಕ್ಕೇ ನಿಲ್ಲಿಸಿದರೂ ತಪ್ಪಿಲ್ಲ. ಉಸಿರು ಕಟ್ಟಿದರೆ ಮುಖ ಕೆಂಪೇರಿ ತಲೆ ಸುತ್ತಬಹುದು. ರಕ್ತದೊತ್ತಡ ಇರುವವರು ಉಸಿರು ಕಟ್ಟಲೇಬಾರದು.

ಅದೇ ಗುಂಪಿನಲ್ಲಿ ಒಬ್ಬರು ಎರಡನೆಯ ಚಲನೆಗೆ, ಅಂದರೆ ಬಿಲ್ಲೆಳೆಯುವುದಕ್ಕೆ, ಮಂಡಿ ಮಡಚಿ ಎಲ್ಲರಿಗಿಂತ ಕೆಳಗಿಳಿದು ಸುತ್ತ ನೋಡುತ್ತಿದ್ದರು. ಈ ಪೈಪೋಟಿ ನನಗೆ ಹಿಡಿಸುವುದಿಲ್ಲ. ಅವರ ಮಂಡಿಗಳು ಒಳಕ್ಕೆ ಕುಸಿದಿದ್ದವು. ಹಾಗಾದಾಗ ಮಂಡಿಯ ಒಳಬದಿ ಎಳೆತಕ್ಕೆ ಸಿಗುತ್ತದೆ. ಮಂಡಿ ಕಾಲ್ಬೆರಳಿನ ದಿಕ್ಕಿಗೇ ಇರಬೇಕು. ಅದು ತಪ್ಪುವ ಹಂತಕ್ಕಿಂತ ಒಂದಿಂಚು ಮೇಲೆಯೇ ನಿಮ್ಮ ಆಳ. ಚಾಚಿದ ಕೈಯ ಮಣಿಕಟ್ಟು ಹಿಂದಕ್ಕೆ ಮಡಚಿ, ತೋರುಬೆರಳು ಮೇಲಕ್ಕೆ, ನೋಟ ಅದರಾಚೆಗೆ. ಎಳೆಯುವ ಕೈಯ ಮೊಣಕೈ ಹೆಗಲಿಗಿಂತ ಮೇಲೇರಬಾರದು. ಮತ್ತೆ ಅದೇ ಹೆಗಲು!

1973ರಲ್ಲಿ ಹುನಾನ್‌ನ ಮಾವಾಂಗ್‌ದುಯಿ ಸಮಾಧಿಯಲ್ಲಿ ಸಿಕ್ಕ ರೇಷ್ಮೆ ಬಟ್ಟೆಯ ಮೇಲೆ ಇಂಥ ಅಂಗಸಾಧನೆಯ 44 ಚಿತ್ರಗಳಿವೆ. ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಸಮಾಧಿ ಅದು. ಕೈ ಎತ್ತಿದವರು, ಬಾಗಿದವರು, ಗಂಡಸರು, ಹೆಂಗಸರು, ಎಲ್ಲರೂ ಇದ್ದಾರೆ. ಆದರೆ ಯಾವ ಸ್ನಾಯು ಬಿಗಿದಿದೆ, ಯಾವುದು ಸಡಿಲಿದೆ ಎನ್ನುವುದನ್ನು ಚಿತ್ರ ಹೇಳಲಾರದು, ಇಂದಿನ ಮೊಬೈಲ್ ವಿಡಿಯೊ ಕೂಡ ಹೇಳಲಾರದು. ಅದಕ್ಕೆ ಮೈ ಮುಟ್ಟಿ ತಿದ್ದುವವರೇ ಬೇಕು. ಆ ಹೆಂಗಸಿನಂಥವರು ದುಡ್ಡಿಲ್ಲದೆ ಉದ್ಯಾನದಲ್ಲಿ ಇದನ್ನು ಕೊಡುತ್ತಿರುವಾಗ, 'ಶಕ್ತಿ ಹರಿಸುತ್ತೇವೆ, ಮಾತ್ರೆ ಬಿಡಿಸುತ್ತೇವೆ' ಎಂದು ಸಾವಿರಾರು ರೂಪಾಯಿ ಕೀಳುವವರನ್ನು ಕಂಡರೆ ಸಿಟ್ಟು ಬರುತ್ತದೆ. ಬಾದುವಾನ್‌ಜಿನ್ ಕಾಲಿಗೆ ಬಲ, ಮೈಗೆ ಸಮತೋಲ, ಮನಸ್ಸಿಗೆ ನಿಧಾನ ಕೊಟ್ಟೀತು. ವೈದ್ಯರು ಬರೆದ ಮಾತ್ರೆಯನ್ನು ನಿಲ್ಲಿಸಲು ಅದು ಕಾರಣವಾಗಬಾರದು.

ಕೊನೆಯ ಚಲನೆಯಲ್ಲೂ ಎಚ್ಚರ ಬೇಕು. ಕಾಲ್ಬೆರಳಿಂದ ನೆಲ ಹಿಡಿದು ಹಿಮ್ಮಡಿ ಎತ್ತಿ, ಅರ್ಧದಷ್ಟು ನಿಧಾನ ಇಳಿಸಿ, ಉಳಿದರ್ಧ ಹಗುರಾಗಿ ಬಿಡುವುದು. ದಬ್ಬನೆ ಬಿದ್ದರೆ ಏಟು ನೇರ ಬೆನ್ನುಮೂಳೆಗೆ. ಮೂಳೆ ಸವೆದವರು, ಡಿಸ್ಕ್ ತೊಂದರೆ ಇರುವವರು ಕುರ್ಚಿಯ ಬೆನ್ನು ಹಿಡಿದು, ಹಿಮ್ಮಡಿಯನ್ನು ಪೂರ್ತಿ ನಿಧಾನವಾಗಿಯೇ ನೆಲಕ್ಕೆ ತರಲಿ.