ಟರ್ಬೊ ಎಂಜಿನ್‌ನ ಆಯಿಲ್ ಕೆಲಸ: ಕೂಲರ್ ಕೂತಿದೆ, ಖರ್ಚಿನ ಲೆಕ್ಕ ನಡೆದಿದೆ

ಎರಡು ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ, ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರಿಗೆ), ಆಯಿಲ್ 5 ಲೀಟರ್. ಟ್ರ್ಯಾಕಿನಲ್ಲಿ ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿಸಿ 138 ಡಿಗ್ರಿ ಮುಟ್ಟುತ್ತಿತ್ತು, ಆಯಿಲ್ ಕೂಡ ಕುಡಿಯುತ್ತಿತ್ತು. ಪಿಸ್ಟನ್ ರಿಂಗ್ ಹೋಗಿದೆ ಎಂದು ಎಂಜಿನ್ ಬಿಚ್ಚುವ ಮೊದಲು ಬಿಸಿ ಇಳಿಸಿ ನೋಡಲೇಬೇಕು. ಬಿಸಿ ಏರಿದಷ್ಟೂ ಆಯಿಲ್ ತೆಳುವಾಗಿ ರಿಂಗ್ ದಾಟುತ್ತದೆ; ಅದರ ಹಗುರ ಅಂಶ ಆವಿಯಾಗಿ ಬ್ರೀದರ್ (ಎಂಜಿನ್ ಒಳಗಿನ ಅನಿಲ ಹೊರಬಿಡುವ ನಳಿಕೆ) ಮೂಲಕ ಇನ್‌ಟೇಕ್ ಸೇರಿ ಉರಿದುಹೋಗುತ್ತದೆ.

ಹಾಕಿದ್ದು 19 ಸಾಲಿನ ಸ್ಟ್ಯಾಕ್ಡ್ ಪ್ಲೇಟ್ ಕೂಲರ್, ಎಎನ್-10 ಅಳತೆಯ ಹೋಸ್, ಬ್ಲಾಕಿಗೂ ಫಿಲ್ಟರಿಗೂ ನಡುವೆ ಥರ್ಮೋಸ್ಟಾಟ್ ಇರುವ ಸ್ಯಾಂಡ್‌ವಿಚ್ ಪ್ಲೇಟ್. ಥರ್ಮೋಸ್ಟಾಟ್ ಸುಮಾರು 80 ಡಿಗ್ರಿಗೆ ತೆರೆಯುತ್ತದೆ. ಮುಚ್ಚಿದ್ದಾಗಲೂ ಅದು ಸ್ವಲ್ಪ ಆಯಿಲ್ ಬಿಡಬೇಕು, ಇಲ್ಲವಾದರೆ ಕೂಲರಿನಲ್ಲಿ ನಿಂತ ತಣ್ಣನೆಯ ಆಯಿಲ್ ಒಂದೇ ಸಲಕ್ಕೆ ಬೇರಿಂಗ್‌ಗೆ ನುಗ್ಗುತ್ತದೆ. ಗಾಳಿ ಸಿಕ್ಕಿಕೊಳ್ಳದಂತೆ ಕೂಲರಿನ ಬಾಯಿಗಳನ್ನು ಮೇಲ್ಮುಖವಾಗಿಟ್ಟು, ರಬ್ಬರ್ ಬುಷ್ ಮೇಲೆ ಕೂರಿಸಲಾಗಿದೆ. ಬೇರಿಂಗ್ ಹೋದ ಎಂಜಿನ್‌ನ ಹಳೆಯ ಕೂಲರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಪ್ಲೇಟುಗಳ ಸಂದಿಯಲ್ಲಿ ಕೂತ ಲೋಹದ ಚೂರು ಎಷ್ಟು ತೊಳೆದರೂ ಪೂರ್ತಿ ಹೊರಬರುವುದಿಲ್ಲ.

ಮೊದಲ ಸ್ಟಾರ್ಟಿಗೆ ಮುಂಚೆ ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ಕಳಚಿ, ಗೇಜಿನಲ್ಲಿ ಒತ್ತಡ ಕಾಣುವವರೆಗೆ ಬಿಟ್ಟುಬಿಟ್ಟು ಕ್ರ್ಯಾಂಕ್ ಮಾಡಬೇಕು. ಕೂಲರ್, ಹೋಸ್ ತುಂಬಿದ ಮೇಲೆ ಲೆವೆಲ್ ಇಳಿಯುತ್ತದೆ. ಮತ್ತೆ ನೋಡಿ ಹಾಕಬೇಕು.

ನಿಜವಾಗಿ ಬಿಸಿ ಇಳಿಸಿದ್ದು ಕೂಲರಿಗೆ ಗಾಳಿ ತರುವ ಡಕ್ಟ್. ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಬದಿಯಲ್ಲಿ ಬೆರಳು ತೂರುವಷ್ಟು ಸಂದಿ ಇದ್ದರೂ ಕೂಲರ್ ಬಿಟ್ಟು ಅಲ್ಲಿಂದಲೇ ಹೋಗುತ್ತದೆ. ಕೋರ್ (ಕೂಲರಿನ ಪ್ಲೇಟುಗಳ ಭಾಗ) ಸುತ್ತಲೂ ಫೋಮ್ ಅಂಟಿಸಿ ಮುಚ್ಚಲಾಯಿತು. ಒಳಬಾಯಿ ಕೋರ್ ಮುಖದ ಮೂರನೇ ಒಂದು ಭಾಗ ಇದ್ದರೆ ಸಾಕು, ಆದರೆ ಬಿಸಿಗಾಳಿ ಹೊರಹೋಗಲು ಹಿಂದೆ ದಾರಿ ಇರಲೇಬೇಕು. ಈಗ ಸಂಪಿನಲ್ಲಿ 117 ಡಿಗ್ರಿ. ಇದಕ್ಕಿಂತ ಬಹಳ ಕೆಳಗೆ ಇಳಿಸುವ ಆಸೆ ಬೇಡ. ಆಯಿಲ್ ಆಗಾಗ 100 ದಾಟದಿದ್ದರೆ ಅದರಲ್ಲಿ ಸೇರಿದ ನೀರು ಹೋಗುವುದಿಲ್ಲ, ಪೆಟ್ರೋಲೂ ಉಳಿಯುತ್ತದೆ.

ಆ ಪೆಟ್ರೋಲೇ ಲೆಕ್ಕ ಕೆಡಿಸುವುದು. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ಸಂಪಿಗೆ ಇಳಿದು, ಉರಿದ ಆಯಿಲಿನ ಜಾಗ ತುಂಬುತ್ತದೆ. ಡಿಪ್‌ಸ್ಟಿಕ್ ನೋಡಿದರೆ ಖರ್ಚೇ ಇಲ್ಲ ಅನ್ನಿಸುತ್ತದೆ. ಬಿಸಿಯ ಹಿಗ್ಗುವಿಕೆ ಬೇರೆ: ಡಿಗ್ರಿಗೆ ಸುಮಾರು 0.07 ಶೇಕಡಾ, ಅಂದರೆ 5 ಲೀಟರಿಗೆ 80 ಡಿಗ್ರಿ ಅಂತರದಲ್ಲಿ 280 ಮಿಲಿಲೀಟರ್. ತಣ್ಣಗಿದ್ದಾಗ ಒಮ್ಮೆ, ಬಿಸಿಯಲ್ಲಿ ಒಮ್ಮೆ ನೋಡಿದ ಅಳತೆಗೆ ಬೆಲೆಯಿಲ್ಲ. ಹಾಗಾಗಿ ಲೆಕ್ಕ ತೂಕದಲ್ಲಿ: ಹಾಕಿದ್ದು, ಟಾಪ್‌ಅಪ್, ಇಳಿಸಿದ್ದು ಎಲ್ಲವೂ ಗ್ರಾಮಿನಲ್ಲಿ. ಕೂಲರಿನಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ. ಆದ್ದರಿಂದ ಪ್ರತಿ ಸಲವೂ ಅದೇ ಬಿಸಿ, ಅಷ್ಟೇ ಹೊತ್ತು ಇಳಿಸಬೇಕು. ಪೆಟ್ರೋಲ್ ಎಷ್ಟು ಬೆರೆತಿದೆ ಎಂದು ತೂಕ ಹೇಳದು. ಅದಕ್ಕೆ ಲ್ಯಾಬಿಗೆ ಸ್ಯಾಂಪಲ್ ಕಳಿಸಬೇಕು.

ಬ್ರೀದರಿನ ಅನಿಲದಲ್ಲಿರುವ ಆಯಿಲ್ ಹಿಡಿಯುವ ಕ್ಯಾಚ್ ಕ್ಯಾನ್ ಎಲ್ಲಿ ಹಾಕಬೇಕು ಎನ್ನುವುದು ಮುಖ್ಯ. ಬೂಸ್ಟ್ (ಟರ್ಬೊ ಒತ್ತಡ) ಬಂದಾಗ, ಎಂಜಿನ್ ಒಳಗಿನ ಅನಿಲವನ್ನು ಇನ್‌ಟೇಕ್‌ಗೆ ಬಿಡುವ ಪಿಸಿವಿ ವಾಲ್ವ್ ಮುಚ್ಚಿ, ಬ್ಲೋ-ಬೈ (ರಿಂಗ್ ದಾಟಿ ಕೆಳಗಿಳಿದ ಅನಿಲ) ಪೂರಾ ಕ್ಯಾಮ್ ಕವರಿನ ಬ್ರೀದರಿಂದ ಟರ್ಬೊ ಇನ್‌ಲೆಟ್‌ಗೆ ಹೋಗುತ್ತದೆ. ಕ್ಯಾನ್ ಆ ಸಾಲಿನಲ್ಲಿದೆ, ಒಳಗೆ ತಡೆತಟ್ಟೆ ಮತ್ತು ಸ್ಟೀಲ್ ಮೆಶ್. ಸಣ್ಣ ಹೋಸ್ ಹಾಕಿದರೆ ಕ್ರ್ಯಾಂಕ್‌ಕೇಸ್ ಒತ್ತಡ ಏರಿ, ತನ್ನ ಭಾರಕ್ಕೆ ಟರ್ಬೊದಿಂದ ಸಂಪಿಗೆ ಇಳಿಯಬೇಕಾದ ಆಯಿಲ್ ನಿಲ್ಲುತ್ತದೆ. ಆಯಿಲ್ ಟರ್ಬೊ ಸೀಲ್ ದಾಟಿ ಎಕ್ಸಾಸ್ಟಿಗೆ ಬಂದು ನೀಲಿ ಹೊಗೆ ಬರುತ್ತದೆ. ಎಷ್ಟೋ ಒಳ್ಳೆಯ ಎಂಜಿನ್‌ಗಳನ್ನು ಈ ಹೊಗೆ ನೋಡಿಯೇ ಬಿಚ್ಚುತ್ತಾರೆ.

ಆಯಿಲ್ 5ಡಬ್ಲ್ಯೂ-40, 150 ಡಿಗ್ರಿಯಲ್ಲಿ ಎಚ್‌ಟಿಎಚ್‌ಎಸ್ (ತೀವ್ರ ಬಿಸಿ, ಉಜ್ಜಾಟದಲ್ಲೂ ಉಳಿಯುವ ಸ್ನಿಗ್ಧತೆ) 3.5ಕ್ಕಿಂತ ಮೇಲೆ. ನೋಆಕ್ ಅಂಕಿ, ಅಂದರೆ 250 ಡಿಗ್ರಿಯಲ್ಲಿ ಒಂದು ಗಂಟೆಗೆ ಆವಿಯಾಗುವ ಪಾಲು, 10 ಶೇಕಡಾ ಒಳಗಿರುವುದನ್ನೇ ಆರಿಸಲಾಗಿದೆ.

ಮುಂದಿನದು ಲೀಕ್-ಡೌನ್, ಅಂದರೆ ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ಅಳೆಯುವುದು. ಆದರೆ ರಿಂಗುಗಳಲ್ಲಿ ಅದು ಪರೀಕ್ಷಿಸುವುದು ಕಂಪ್ರೆಶನ್ ರಿಂಗನ್ನು ಮಾತ್ರ. ಆಯಿಲ್ ರಿಂಗ್ ಕಾರ್ಬನ್ ಹಿಡಿದು ಅಂಟಿಕೊಂಡಿದ್ದರೂ ಅಂಕಿ ಚೆನ್ನಾಗಿಯೇ ಬರಬಹುದು. ಅದಕ್ಕಾಗಿ ಬೋರ್‌ಸ್ಕೋಪ್ ಇಳಿಸಿ ಪಿಸ್ಟನ್ ಅಂಚು ನೋಡುವುದಿದೆ. ಸುತ್ತಲೂ ಕಾರ್ಬನ್ ತೊಳೆದುಹೋಗಿ ಲೋಹ ಹೊಳೆಯುತ್ತಿದ್ದರೆ ಆಯಿಲ್ ಬರುತ್ತಿರುವುದು ರಿಂಗ್ ಕಡೆಯಿಂದಲೇ. ಅಂಚು ಕಪ್ಪಗಿದ್ದು, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಹೊಗೆ ಕಂಡರೆ ವಾಲ್ವ್ ಸೀಲ್ ಬದಲಿಸುವುದು. ಹೆಡ್ ಇಳಿಸದೆಯೂ ಆ ಕೆಲಸ ಆಗುತ್ತದೆ.