ನಟ್ ಬಿಗಿಯೋದಕ್ಕೂ ಒಂದು ಲೆಕ್ಕ

ದಾವಣಗೆರೆಯ ಪಂಚರ್ ಅಂಗಡಿಗಳಲ್ಲೂ ಈಗ ನಟ್ ಬಿಗಿಯೋ ಗಾಳಿ ಗನ್ ಬಂದಿದೆ. ಟರ್ರ್ ಅಂತ ಒಂದು ಸದ್ದು, ಚಕ್ರ ಕೂತಿತು, ದುಡ್ಡು ಕೊಡಿ ಅಷ್ಟೇ. ನಮ್ಮಂಥ ಹಳೇ ಮಾರುತಿ 800 ಇಟ್ಟುಕೊಂಡವರು ಮಾತ್ರ "ಕೈಯಲ್ಲೇ ಹಾಕಿ ಅಣ್ಣ" ಅನ್ನಬೇಕು.

ಇವತ್ತು ಸಿಕ್ಕ ಹಿರಿಯ ಮೆಕ್ಯಾನಿಕ್‌ಗೆ ಅದನ್ನೂ ಹೇಳಬೇಕಾಗಲಿಲ್ಲ. ಮೊದಲು ತಂತಿ ಬ್ರಷ್‌ನಿಂದ ಸ್ಟಡ್‌ಗಳ, ಅಂದ್ರೆ ನಟ್ ಕೂರೋ ಬೋಲ್ಟ್‌ಗಳ, ತುಕ್ಕು ಉಜ್ಜಿದರು. ನಟ್‌ನ ಇಳಿಜಾರು ಬದಿ ರಿಮ್ ಕಡೆ ಮಾಡಿ, ಬೆರಳಲ್ಲೇ ತಿರುಗಿಸಿದರು. ಒಂದು ನಟ್ ಅರ್ಧಕ್ಕೇ ತಡೆಯಿತು. ಒತ್ತಾಯ ಮಾಡದೆ ಬಿಚ್ಚಿ, ಒರೆಸಿ, ಮತ್ತೆ ಹಾಕಿದರು. ನಾಲ್ಕನ್ನೂ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಜಾಕ್ ಇಳಿಸಿದ ಮೇಲೆ ಕೊನೇ ಪಟ್ಟು.

"ಒಂಚೂರು ಎಣ್ಣೆ ಹಾಕಲ್ವಾ?" ಅಂದೆ.

"ಬೇಡ್ರಿ. ಎಣ್ಣೆ ಬಿದ್ರೆ ಸಲೀಸಾಗಿ ತಿರುಗಿ ಅಳತೆಗಿಂತ ಜಾಸ್ತಿ ಬಿಗಿಯುತ್ತೆ."

ಸ್ಟಡ್ ಬಿಗಿದಾಗ ಸ್ಪ್ರಿಂಗ್ ಥರ ಒಂಚೂರು ಹಿಗ್ಗುತ್ತೆ, ಆ ಎಳೆತವೇ ಚಕ್ರವನ್ನು ಹಿಡಿದಿಡೋದು. ಅತಿಯಾಗಿ ಹಿಗ್ಗಿದರೆ ವಾಪಸ್ ಬರಲ್ಲ, ಹಿಡಿತವೂ ಹೋಯ್ತು. ಆದರೂ ಸ್ಪ್ಯಾನರ್ ಮೇಲೆ ಹತ್ತಿ ಕುಣಿಯೋರನ್ನ ಕಂಡರೆ ನಮಗೆ ಅದೇನೋ ಧೈರ್ಯ! ಜೋರು ಮಾಡಿದ್ರೆ ಮಾತ್ರ ಕೆಲಸ ಆಯ್ತು ಅನ್ನಿಸೋದು ನಟ್ ವಿಷಯದಲ್ಲಿ ಮಾತ್ರ ಅಲ್ಲ ಬಿಡಿ. ಕಂಪನಿ ಪುಸ್ತಕದ ಅಳತೆ, ಎಷ್ಟು ಬಿಗಿಯಾಯ್ತು ಅಂತ ತೋರಿಸೋ ಒಂದು ಟಾರ್ಕ್ ರೆಂಚ್ ಇದ್ದರೆ ಈ ಅಂದಾಜೇ ಬೇಡ.

50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು. ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಅಷ್ಟಾಗುತ್ತೆ. ಭಾನುವಾರ ಕೋಟೆ ಕಡೆ ಹೊರಟಿದ್ದೇನೆ, ಸ್ಪ್ಯಾನರ್ ಡಿಕ್ಕಿಯಲ್ಲಿದೆ. ಹಿಂದಿನ ಸೀಟು ಖಾಲಿ, ಯಾರು ಬರ್ತೀರಿ?