ಮುಚ್ಚಿಡೋಕೆ ನಿಂಗೇನಿದೆಯೋ?

ಕಳೆದ ತಿಂಗಳು ನಂಟರ ಮನೆಯ ಗೃಹಪ್ರವೇಶ. ಊಟಕ್ಕೆ ಕೂತಾಗ ಪಕ್ಕದ ಎಲೆಯಲ್ಲಿ ಚಿಕ್ಕಪ್ಪ. ಅನ್ನಕ್ಕೆ ಸಾರು ಬೀಳುವ ಹೊತ್ತಿಗೆ ಶುರು ಮಾಡಿದರು. ‘ಏನೋ, ಅಂಗಡಿಯಲ್ಲಿ ಫೋನ್ ನಂಬರ್ ಕೇಳಿದ್ರೆ ಕೊಡಲ್ವಂತೆ? ಲಾಡ್ಜಲ್ಲಿ ಆಧಾರ್ ಜೆರಾಕ್ಸ್ ಕೇಳಿದ್ರೆ ಜಗಳ ಆಡ್ತೀಯಂತೆ? ಮುಚ್ಚಿಡೋಕೆ ನಿಂಗೇನಿದೆಯೋ?’ ದೂರು ಯಾರಿಂದ ಹೋಗಿತ್ತು ಅನ್ನುವುದು ಎದುರು ಸಾಲಿನಲ್ಲಿ ತಲೆ ತಗ್ಗಿಸಿ ಹಪ್ಪಳ ಮುರಿಯುತ್ತಿದ್ದ ನನ್ನ ಹೆಂಡತಿಯನ್ನು ನೋಡಿದರೇ ಗೊತ್ತಾಗುತ್ತಿತ್ತು.

ನಾನು ಉತ್ತರ ಶುರು ಮಾಡುವಷ್ಟರಲ್ಲಿ ಪಾಯಸ ಬಂತು. ಮಾತು ಅಲ್ಲಿಗೇ ನಿಂತಿತು. ಆಫೀಸಿನಲ್ಲಿ, ಅಪಾರ್ಟ್‌ಮೆಂಟ್ ಮೀಟಿಂಗಿನಲ್ಲಿ, ರೈಲಿನಲ್ಲಿ ಕೂಡ ಇದೇ ಪ್ರಶ್ನೆ ಕೇಳಿಸಿಕೊಂಡಿದ್ದೇನೆ. ಕಂಪ್ಯೂಟರ್ ಕೆಲಸದವನೇ ಹೀಗಾಡಿದರೆ ಹೇಗೆ ಅಂತ ಜನಕ್ಕೆ ಆಶ್ಚರ್ಯ. ಕಂಪ್ಯೂಟರ್ ಕೆಲಸದವನಾದ್ದರಿಂದಲೇ ಹೀಗಾಡುತ್ತೇನೆ, ಅದು ಬೇರೆ ಮಾತು.

ಕೇಳುವವರು ಕೆಟ್ಟವರಲ್ಲ. ನಮ್ಮ ಗಾದೆಯೇ ಹಾಗಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕದಿಯದವನು ಹೆಗಲು ಯಾಕೆ ಮುಟ್ಟಿಕೊಳ್ಳಬೇಕು ಅಲ್ವಾ? ಸರಿಯೇ. ಆದರೆ ಆ ಗಾದೆಯಲ್ಲಿ ಒಂದು ಕುಂಬಳಕಾಯಿ ನಿಜವಾಗಿ ಕಳುವಾಗಿತ್ತು. ಈಗ ನಡೆಯುತ್ತಿರುವುದು ಬೇರೆ. ಯಾರ ಹಿತ್ತಲಲ್ಲೂ ಏನೂ ಕಳುವಾಗಿಲ್ಲ, ಆದರೂ ಊರಿನವರೆಲ್ಲರ ಹೆಗಲನ್ನೂ ದಿನಾ ನೋಡಿ ಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ. ಆ ಪುಸ್ತಕ ಯಾರ ಹತ್ತಿರ ಇರುತ್ತೆ ಅಂತ ಕೇಳಿದರೆ ನಾವೇ ಕಳ್ಳರು.

ಹೀಗೆ ಬರೆದಿಟ್ಟ ಪುಸ್ತಕ ಏನು ಮಾಡುತ್ತೆ ಅನ್ನುವುದಕ್ಕೆ ನಮ್ಮ ದೇಶದ್ದೇ ಒಂದು ಹಳೇ ಕಥೆಯಿದೆ. ಉತ್ತರ ಪ್ರದೇಶದ ಖರಕ್ ಸಿಂಗ್ ಎನ್ನುವವರನ್ನು 1941ರಲ್ಲಿ ಒಂದು ಡಕಾಯಿತಿ ಕೇಸಿನಲ್ಲಿ ಪೊಲೀಸರು ಹಿಡಿದರು. ಸಾಕ್ಷಿ ಸಿಗಲಿಲ್ಲ, ಬಿಟ್ಟರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸ್ಟೇಷನ್ನಿನಲ್ಲಿ ಅವರ ಹೆಸರಿನ ಮೇಲೆ ಒಂದು ಹಿಸ್ಟರಿ ಶೀಟ್ ತೆರೆದರು. ನಮ್ಮ ಕಡೆ ರೌಡಿ ಶೀಟ್ ಅಂತಾರಲ್ಲ, ಅದೇ ಜಾತಿಯದು. ಆಮೇಲೆ ಕಾನ್ಸ್‌ಟೇಬಲ್‌ಗಳು ರಾತ್ರಿ ಬಂದು ಬಾಗಿಲು ತಟ್ಟುವರು, ಮಲಗಿದವರನ್ನು ಎಬ್ಬಿಸುವರು. ಖರಕ್ ಸಿಂಗ್ ಬೇರೆ ಊರಿಗೆ ಹೋಗಬೇಕಾದರೆ ಎಲ್ಲಿಗೆ, ಯಾವಾಗ ವಾಪಸ್ ಅಂತ ಹೇಳಿ ಹೋಗಬೇಕು. ಆ ಊರಿನ ಸ್ಟೇಷನ್ನಿಗೂ ಸುದ್ದಿ ಹೋಗುತ್ತಿತ್ತು. ಮುಚ್ಚಿಡೋಕೆ ಅವರಿಗೆ ಏನಿತ್ತು? ಇದ್ದಿದ್ದರೆ ಕೋರ್ಟಿನಲ್ಲಿ ತೋರಿಸಬಹುದಿತ್ತಲ್ಲ.

ಖರಕ್ ಸಿಂಗ್ ಸುಪ್ರೀಂ ಕೋರ್ಟಿನವರೆಗೂ ಹೋದರು. 1962ರಲ್ಲಿ ತೀರ್ಪು ಬಂತು. ರಾತ್ರಿ ಮನೆಗೆ ನುಗ್ಗುವುದು ತಪ್ಪು ಅಂತ ಆರು ಜನ ಜಡ್ಜ್‌ಗಳೂ ಹೇಳಿದರು. ಆದರೆ ಹಿಂದೆ ಬಿದ್ದು ಎಲ್ಲಿ ಹೋದ, ಯಾರನ್ನು ನೋಡಿದ ಅಂತ ಬರೆದಿಡುವುದರಲ್ಲಿ ನಾಲ್ವರಿಗೆ ತಪ್ಪು ಕಾಣಲಿಲ್ಲ. ಖಾಸಗಿತನ ನಮ್ಮ ಸಂವಿಧಾನದಲ್ಲಿ ಮೂಲಭೂತ ಹಕ್ಕಲ್ಲ ಅಂದರು. ಒಪ್ಪದವರಲ್ಲಿ ಒಬ್ಬರು ಕೆ. ಸುಬ್ಬರಾವ್. ನೆರಳಿನ ಹಾಗೆ ಹಿಂದೆ ಬಿದ್ದಿರುವಾಗ ಆ ಮನುಷ್ಯ ಸ್ವತಂತ್ರವಾಗಿ ಓಡಾಡುತ್ತಿದ್ದಾನೆ ಅನ್ನೋದು ಹೇಗೆ ಅನ್ನುವುದು ಅವರ ವಾದದ ತಿರುಳು.

ಅಂದು ಒಬ್ಬನ ಮೇಲೆ ಕಣ್ಣಿಡಲು ಇಬ್ಬರು ಕಾನ್ಸ್‌ಟೇಬಲ್‌ ಬೇಕಿತ್ತು. ಸಂಬಳ, ಸೈಕಲ್, ರಾತ್ರಿ ಪಾಳಿ. ಇಷ್ಟು ಖರ್ಚು ಅಂತಲೇ ಎಲ್ಲರ ಹಿಂದೆ ಬೀಳೋಕೆ ಆಗುತ್ತಿರಲಿಲ್ಲ. ನಮ್ಮ ಅಜ್ಜಂದಿರನ್ನು ಕಾಪಾಡಿದ್ದು ಕಾನೂನಿಗಿಂತ ಜಾಸ್ತಿ ಆ ಖರ್ಚು. ಈಗ ಆ ಕೆಲಸವನ್ನು ಜೇಬಿನಲ್ಲಿರುವ ಫೋನು ಮಾಡುತ್ತೆ. ಅದಕ್ಕೆ ರೀಚಾರ್ಜ್ ಮಾಡಿಸುವವರೂ ನಾವೇ.

ಇನ್ನು ‘ತಪ್ಪು ಮಾಡದಿದ್ದರೆ ಭಯ ಯಾಕೆ’ ಅನ್ನುವ ಮಾತು. ತಪ್ಪು ಯಾವುದು ಅಂತ ನಿರ್ಧಾರ ಮಾಡುವವರು ನಾವಲ್ಲವಲ್ಲ. 2012ರ ನವೆಂಬರಿನಲ್ಲಿ ಶಿವಸೇನೆಯ ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಮುಚ್ಚಿತ್ತು. ಹತ್ತಿರದ ಪಾಲ್ಘರ್‌ನ ಒಬ್ಬ ಹುಡುಗಿ, ಊರು ಯಾಕೆ ಹೀಗೆ ಬಂದ್ ಆಗಬೇಕು ಅಂತ ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದಳು. ಅವಳ ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರೂ ಅರೆಸ್ಟ್. ಬರೆದವಳದ್ದು ಇರಲಿ, ಲೈಕ್ ಒತ್ತಿದವಳನ್ನು ನೆನೆಸಿಕೊಳ್ಳಿ. ನಾವೆಲ್ಲ ದಿನಕ್ಕೆ ಎಷ್ಟು ಸಲ ಹೆಬ್ಬೆರಳು ಒತ್ತುತ್ತೇವೆ?

ಆಗ ಐಟಿ ಕಾಯ್ದೆಯಲ್ಲಿ 66ಎ ಅಂತ ಒಂದು ಕಲಂ ಇತ್ತು. ‘ಕಿರಿಕಿರಿ’ ಆಗುವಂಥದ್ದು ಕಳಿಸಿದರೆ ಮೂರು ವರ್ಷದವರೆಗೆ ಜೈಲು. ಯಾರಿಗೆ, ಎಷ್ಟು ಕಿರಿಕಿರಿ? ಅದನ್ನು ಹೇಳಿರಲಿಲ್ಲ. ಈ ಅಳತೆಯಲ್ಲಿ ನೋಡಿದರೆ ನಮ್ಮ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಚಿಕ್ಕಪ್ಪನೇ ದೊಡ್ಡ ಅಪರಾಧಿ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಕಲಂ ತೆಗೆದುಹಾಕಿತು. ತಮಾಷೆ ಅಂದರೆ, ಆರು ವರ್ಷ ಆದಮೇಲೂ ಪೊಲೀಸರು ಅದೇ ಕಲಂ ಹಾಕಿ ಕೇಸು ಬರೆಯುತ್ತಿದ್ದರು. 2021ರಲ್ಲಿ ಕೋರ್ಟೇ ಇದನ್ನು ಕೇಳಿ ದಂಗಾಯಿತು. ಸತ್ತ ಕಾನೂನು ಹಿಡಿದ ಕೇಸಿಗೂ ವಕೀಲರ ಫೀಸು ಮಾತ್ರ ಬದುಕಿರುವವರೇ ಕಟ್ಟಬೇಕು.

ಇನ್ನೊಂದು ದಿನಾಂಕ ಹೇಳುತ್ತೇನೆ. 2018ರ ಸೆಪ್ಟೆಂಬರ್ 6. ಅವತ್ತು ಬೆಳಗ್ಗೆ ಎದ್ದಾಗ ಇಬ್ಬರು ಗಂಡಸರು ತಮ್ಮ ಮನೆಯೊಳಗೆ ಪರಸ್ಪರ ಒಪ್ಪಿ ಕೂಡುವುದು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಪ್ರಕಾರ ಅಪರಾಧ. ಸುಪ್ರೀಂ ಕೋರ್ಟಿನ ತೀರ್ಪು ಬಂತು, ಮಧ್ಯಾಹ್ನದ ಊಟದ ಹೊತ್ತಿಗೆ ಅಪರಾಧ ಅಲ್ಲ. ಮನೆ ಅದೇ, ಜನ ಅವರೇ. ಮುಚ್ಚಿಡಬೇಕಾಗಿದ್ದದ್ದು ಅವರ ತಪ್ಪಿನಿಂದಲ್ಲ, 1860ರಲ್ಲಿ ಯಾರೋ ಬರೆದ ಸಾಲಿನಿಂದ.

ಕನ್ನಡಿಗರಿಗೆ ಇದೆಲ್ಲ ಹೊಸ ಪಾಠ ಆಗಬಾರದು. 1988 ನೆನಪಿರುವವರಿಗೆ ನಾನು ಹೇಳಬೇಕಾಗಿಲ್ಲ. ರಾಮಕೃಷ್ಣ ಹೆಗಡೆ ಆಗ ಮುಖ್ಯಮಂತ್ರಿ. ರಾಜಕಾರಣಿಗಳ, ಉದ್ಯಮಿಗಳ ಫೋನ್ ಕದ್ದಾಲಿಸಿದ ಆರೋಪ ಬಂತು. ಆಗಸ್ಟಿನಲ್ಲಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಚಿಕ್ಕಪ್ಪನಿಗೆ ಹೆಗಡೆ ಅಂದರೆ ಪ್ರಾಣ. ಅವರ ಮಾತಿನ ಧಾಟಿ ಈಗಲೂ ಅನುಕರಣೆ ಮಾಡುತ್ತಾರೆ. ಆ ರಾಜೀನಾಮೆಯ ದಿನ ಮನೆಯಲ್ಲಿ ಸರಿಯಾಗಿ ಊಟ ಮಾಡಲಿಲ್ಲ ಅಂತ ಚಿಕ್ಕಮ್ಮ ಹೇಳುತ್ತಾರೆ. ಅವತ್ತು ಇಡೀ ರಾಜ್ಯದಲ್ಲಿ ಯಾರೂ ‘ಆ ಎಂಎಲ್‌ಎಗಳಿಗೆ ಮುಚ್ಚಿಡೋಕೆ ಏನಿತ್ತು’ ಅಂತ ಕೇಳಿ ಸುಮ್ಮನಾಗಲಿಲ್ಲ. ಕೇಳಿಸಿಕೊಂಡವರು ಯಾರು, ಯಾಕೆ ಅಂತ ಕೇಳಿದರು. ಒಂದು ಸರ್ಕಾರದ ಮುಖ್ಯಸ್ಥರನ್ನೇ ಕೆಳಗಿಳಿಸುವಷ್ಟು ದೊಡ್ಡ ತಪ್ಪು ಅದು ಅಂತ ನಮಗೆ ಅನ್ನಿಸಿತ್ತು. ಲ್ಯಾಂಡ್‌ಲೈನ್ ಕಾಲದಲ್ಲಿ.

ಹಾಗಂತ ಪೊಲೀಸರು ಯಾರ ಫೋನನ್ನೂ ಕೇಳಲೇಬಾರದು ಅಂತ ನಾನು ಹೇಳುವುದಿಲ್ಲ. ಮಗುವನ್ನು ಅಪಹರಿಸಿದವನ ಫೋನ್ ಕೇಳದೆ ಇನ್ನೇನು ಮಾಡುತ್ತಾರೆ? 1996ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕಟ್ಟುಪಾಡು ಹಾಕಿತು. ಗೃಹ ಕಾರ್ಯದರ್ಶಿಯ ಆದೇಶ ಇರಬೇಕು, ಆದೇಶಕ್ಕೆ ಎರಡು ತಿಂಗಳ ಗಡುವು, ಮುಂದುವರಿಸಿದರೂ ಆರು ತಿಂಗಳು ದಾಟಬಾರದು, ಒಂದು ಸಮಿತಿ ಅದನ್ನು ಮತ್ತೆ ನೋಡಬೇಕು. ಒಳ್ಳೆಯದೇ. ಆದರೆ ಆದೇಶ ಕೊಡುವವರೂ ಸರ್ಕಾರದವರು, ಮತ್ತೆ ನೋಡುವವರೂ ಸರ್ಕಾರದವರು. ಮಧ್ಯದಲ್ಲಿ ಒಬ್ಬ ಜಡ್ಜ್ ಇಲ್ಲ. ಯಾರ ಫೋನ್ ಕೇಳಿದರೋ ಅವರಿಗೆ ಆಮೇಲಾದರೂ ತಿಳಿಸುವ ಪದ್ಧತಿಯೂ ಇಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಖಾಸಗಿತನ ಮೂಲಭೂತ ಹಕ್ಕು ಅಂತ ಕೊನೆಗೆ ಹೇಳಿಸಿದವರು ನಮ್ಮವರೇ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ಜಡ್ಜ್ ಆಗಿದ್ದು 1986ರಲ್ಲಿ ನಿವೃತ್ತರಾದವರು. 2012ರಲ್ಲಿ, ಎಂಬತ್ತಾರನೇ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ತಕರಾರು ಸರಳವಾಗಿತ್ತು. ಇಷ್ಟು ದೊಡ್ಡ ಯೋಜನೆಗೆ ಪಾರ್ಲಿಮೆಂಟಿನ ಕಾನೂನೇ ಇಲ್ಲ, ಬರೀ ಸರ್ಕಾರದ ಆದೇಶದ ಮೇಲೆ ಜನರ ಬೆರಳಚ್ಚು ತೆಗೆದುಕೊಳ್ಳುತ್ತಿದ್ದೀರಿ, ಹೇಗೆ? ಆಧಾರ್ ಕಾಯ್ದೆ ಬಂದದ್ದು 2016ರಲ್ಲಿ, ಕೇಸು ಹಾಕಿ ನಾಲ್ಕು ವರ್ಷ ಆದ ಮೇಲೆ. ಎಂಬತ್ತಾರರಲ್ಲಿ ನಾವಾಗಿದ್ದರೆ ಮೊಮ್ಮಕ್ಕಳ ಜೊತೆ ಟಿವಿ ನೋಡುತ್ತಾ ಇರುತ್ತಿದ್ದೆವು.

ಕೇಸು ನಡೆಯುವಾಗ ಕೇಂದ್ರ ಸರ್ಕಾರದ ವಕೀಲರು ಆ ಹಳೇ ಖರಕ್ ಸಿಂಗ್ ತೀರ್ಪನ್ನೇ ಎತ್ತಿ ತೋರಿಸಿದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ವಾದ. ಆ ತೀರ್ಪು ಆರು ಜನರ ಪೀಠದ್ದು, ಅದಕ್ಕಿಂತ ಹಿಂದಿನ 1954ರ ಇನ್ನೊಂದು ಎಂಟು ಜನರದ್ದು. ಹಾಗಾಗಿ ಒಂಬತ್ತು ಜನರ ಪೀಠ ಕೂರಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಂದೇ ಮಾತು ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ಎಲ್ಲೆಯಿಲ್ಲದ ಹಕ್ಕಲ್ಲ. ಸರ್ಕಾರ ಅದರೊಳಗೆ ಕೈ ಹಾಕಬಹುದು, ಆದರೆ ಅದಕ್ಕೊಂದು ಕಾನೂನು ಇರಬೇಕು, ಸರಿಯಾದ ಕಾರಣ ಇರಬೇಕು, ಆ ಕಾರಣಕ್ಕೆ ಎಷ್ಟು ಬೇಕೋ ಅಷ್ಟೇ ಕೈ ಹಾಕಬೇಕು. ಒಂಬತ್ತು ಜನರಲ್ಲಿ ಒಬ್ಬರು ಮೂಡುಬಿದಿರೆ ಕಡೆಯ ಎಸ್. ಅಬ್ದುಲ್ ನಝೀರ್. ಇನ್ನೊಬ್ಬರು ಡಿ.ವೈ. ಚಂದ್ರಚೂಡ್. ತುರ್ತು ಪರಿಸ್ಥಿತಿಯಲ್ಲಿ ಜೀವದ ಹಕ್ಕನ್ನೂ ಅಮಾನತಿನಲ್ಲಿಡಬಹುದು ಅಂದ 1976ರ ತೀರ್ಪು ತಪ್ಪು ಅಂತ ಇದೇ ತೀರ್ಪಿನಲ್ಲಿ ಬರೆದರು. 1976ರ ಆ ಪೀಠದಲ್ಲಿ ಸರ್ಕಾರದ ಪರ ನಿಂತವರಲ್ಲಿ ಅವರ ತಂದೆಯೂ ಇದ್ದರು. ಮನೆಯ ಹಿರಿಯರಿಗೆ ‘ನೀವು ಹೇಳಿದ್ದು ಸರಿಯಲ್ಲ’ ಅನ್ನೋಕೆ ನನಗೆ ಒಂದು ಗೃಹಪ್ರವೇಶದ ಊಟದಲ್ಲೇ ಆಗಲಿಲ್ಲ.

ಪುಟ್ಟಸ್ವಾಮಿಯವರು ಆಧಾರ್ ಕೇಸನ್ನು ಪೂರ್ತಿ ಗೆಲ್ಲಲಿಲ್ಲ. 2018ರಲ್ಲಿ ನಾಲ್ವರು ಜಡ್ಜ್‌ಗಳು ಆಧಾರ್ ಎತ್ತಿಹಿಡಿದರು, ಚಂದ್ರಚೂಡ್ ಒಬ್ಬರು ಒಪ್ಪಲಿಲ್ಲ. ಬ್ಯಾಂಕ್ ಖಾತೆಗೆ, ಸಿಮ್ಮಿಗೆ ಕಡ್ಡಾಯ ಅನ್ನುವುದು ಬಿದ್ದುಹೋಯಿತು. ಸಬ್ಸಿಡಿಗೆ, ಪಾನ್ ಕಾರ್ಡಿಗೆ ಉಳಿಯಿತು. 2024ರ ಅಕ್ಟೋಬರಿನಲ್ಲಿ, ತೊಂಬತ್ತೆಂಟನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಸಬ್ಸಿಡಿಗೆ ಉಳಿದದ್ದರಲ್ಲಿ ಅರ್ಥ ಇಲ್ಲದಿಲ್ಲ. ದುಡ್ಡು ಮಧ್ಯದವರ ಕೈ ದಾಟದೆ ನೇರ ಖಾತೆಗೆ ಬರುವುದು ಸಣ್ಣ ವಿಷಯವಲ್ಲ. ಆದರೆ ರೇಷನ್ ಅಂಗಡಿ ಮುಂದೆ ಒಮ್ಮೆ ನಿಂತು ನೋಡಿ. ಜೀವನವಿಡೀ ಕಳೆ ಕಿತ್ತು, ಪಾತ್ರೆ ಉಜ್ಜಿ ಬೆರಳಿನ ಗೆರೆಯೇ ಸವೆದುಹೋದ ಅಜ್ಜಿ ಥಂಬ್ ಕೊಡುತ್ತಾ ಇರುತ್ತಾರೆ. ಮಿಷನ್ ‘ಇಲ್ಲ’ ಅನ್ನುತ್ತೆ. ಸೆರಗಿನಲ್ಲಿ ಬೆರಳು ಒರೆಸಿಕೊಂಡು ಮತ್ತೆ ಕೊಡುತ್ತಾರೆ. ‘ಸರ್ವರ್ ಡೌನ್, ನಾಳೆ ಬಾರಮ್ಮ.’ ಮುಚ್ಚಿಡೋಕೆ ಆ ಅಜ್ಜಿಗೆ ಏನೂ ಇಲ್ಲ. ತಾನು ತಾನೇ ಅಂತ ತೋರಿಸೋಕೇ ಆಗುತ್ತಿಲ್ಲ.

ಇಷ್ಟು ಹೇಳಿದ ಮೇಲೆ ಚಿಕ್ಕಪ್ಪನ ಪ್ರಶ್ನೆಯನ್ನು ಸ್ವಲ್ಪ ತಿರುಗಿಸುತ್ತೇನೆ. ಪ್ರಶ್ನೆ ಚೆನ್ನಾಗಿದೆ. ಕೇಳುತ್ತಿರುವ ದಿಕ್ಕು ಮಾತ್ರ ಸರಿಯಿಲ್ಲ. ಪಾರ್ಟಿಗಳಿಗೆ ಯಾರು ದುಡ್ಡು ಕೊಟ್ಟರು ಅಂತ ಮತದಾರನಿಗೆ ಕಾಣದ ಹಾಗೆ 2018ರಿಂದ ಚುನಾವಣಾ ಬಾಂಡ್ ಇತ್ತು. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದಾಗ ಸರ್ಕಾರದ ಕಡೆಯಿಂದ ಬಂದ ಒಂದು ವಾದ ಏನು ಗೊತ್ತಾ? ದಾನಿಗಳ ಖಾಸಗಿತನ ಕಾಪಾಡಬೇಕು. ನಮಗೆ ಇಲ್ಲ ಅಂದಿದ್ದ ಹಕ್ಕು ದೊಡ್ಡ ದುಡ್ಡಿನವರ ವಿಷಯ ಬಂದಾಗ ನೆನಪಾಯಿತು. 2024ರ ಫೆಬ್ರವರಿ 15ರಂದು ಕೋರ್ಟ್ ಆ ಬಾಂಡ್ ರದ್ದು ಮಾಡಿತು.

ನಮ್ಮ ಮಾಹಿತಿ ಕಾಪಾಡುವುದಕ್ಕೆ ಅಂತಲೇ 2023ರಲ್ಲಿ ಒಂದು ಕಾಯ್ದೆ ಬಂತು. ಕಂಪನಿಗಳು ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ. ಓದಿ ಖುಷಿಯಾಯಿತು. ಮುಂದೆ ಓದಿದರೆ, ದೇಶದ ಭದ್ರತೆ, ಶಾಂತಿ ಸುವ್ಯವಸ್ಥೆ ಅಂತ ಕಾರಣ ಕೊಟ್ಟು ಸರ್ಕಾರ ತನ್ನ ಯಾವ ಸಂಸ್ಥೆಗೆ ಬೇಕಾದರೂ ಇದರಿಂದ ವಿನಾಯಿತಿ ಕೊಡಬಹುದು. ಇನ್ನೂ ಮುಂದೆ ಓದಿದರೆ, ಇದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯನ್ನೂ ತಿದ್ದಿದೆ. ಮೊದಲು ಅಧಿಕಾರಿಯ ವೈಯಕ್ತಿಕ ವಿವರವನ್ನು ಕೊಡುವುದಿಲ್ಲ ಅನ್ನಬೇಕಾದರೆ, ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧವಿಲ್ಲ ಅಂತಲೋ, ಕೊಟ್ಟರೆ ಸುಮ್ನೆ ಅವರ ಖಾಸಗಿ ಬದುಕಿಗೆ ಕೈ ಹಾಕಿದಂತೆ ಅಂತಲೋ ಹೇಳಬೇಕಿತ್ತು. ತಿದ್ದುಪಡಿಯ ಪ್ರಕಾರ ‘ವೈಯಕ್ತಿಕ ಮಾಹಿತಿ’ ಅಂದರೆ ಸಾಕು. ಸಾರ್ವಜನಿಕ ಹಿತ ಅಂತ ವಾದಿಸೋಕೆ ಇನ್ನೊಂದು ದಾರಿ ಉಳಿದಿದೆ, ಆದರೆ ಅದನ್ನು ಮೊದಲು ತೂಗುವವರು ಅದೇ ಕಚೇರಿಯವರು. ರಸ್ತೆಗೆ ಡಾಂಬರು ಹಾಕಿದ ಬಿಲ್ಲು ಕೇಳಿಕೊಂಡು ಹೋದವನಿಗೆ ‘ಮುಚ್ಚಿಡೋಕೆ ನಿಮಗೇನಿದೆ ಸ್ವಾಮಿ’ ಅಂತ ಕೇಳುವ ಹಕ್ಕು ಇನ್ನಷ್ಟು ಸಣ್ಣದಾಯಿತು.

ಲಾಡ್ಜಿನಲ್ಲಿ ಜಗಳ ಆಡುತ್ತೇನೆ ಅನ್ನುವುದು ಸುಳ್ಳು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗುರುತಿನ ಚೀಟಿ ತೋರಿಸುತ್ತೇನೆ. ಜೆರಾಕ್ಸ್ ಬೇಕೇ ಬೇಕು ಅಂದರೆ ಮೊದಲ ಎಂಟು ಅಂಕಿ ಮುಚ್ಚಿದ ಆಧಾರ್ ಕೊಡುತ್ತೇನೆ. ಮಾಸ್ಕ್ಡ್ ಆಧಾರ್ ಅಂತಾರೆ, ಆಧಾರ್ ವೆಬ್‌ಸೈಟಿನಲ್ಲೇ ಸಿಗುತ್ತೆ. ಪುಕ್ಕಟೆ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ತಗೊಂಡ ಕಡಲೆಕಾಯಿ ಪೊಟ್ಟಣ ಬಿಚ್ಚಿದರೆ ಒಳಗೆ ಯಾರದೋ ಅರ್ಜಿಯ ಜೆರಾಕ್ಸು. ಹೆಸರು, ತಂದೆ ಹೆಸರು, ವಿಳಾಸ, ಫೋಟೋ. ಆ ಹೆಣ್ಣುಮಗಳ ಮುಖಕ್ಕೆ ಉಪ್ಪು ಮೆತ್ತಿಕೊಂಡಿತ್ತು. ಅವತ್ತಿಂದ ಈ ಅಭ್ಯಾಸ.

ಅಂಗಡಿಯ ವಿಷಯ ಮಾತ್ರ ನಿಜ. ನಂಬರ್ ಕೊಡುವುದಿಲ್ಲ. ಹೋದ ವಾರವೂ ಹಾಗೇ ಆಯಿತು. ಒಂದು ಸೋಪು, ಒಂದು ಪ್ಯಾಕೆಟ್ ಅವಲಕ್ಕಿ. ‘ನಂಬರ್ ಹೇಳಿ ಸರ್’ ಅಂದಳು ಕೌಂಟರಿನ ಹುಡುಗಿ. ಕೊಡಲ್ಲಮ್ಮ ಅಂದೆ. ಹಿಂದೆ ನಿಂತಿದ್ದವರು ‘ಅಷ್ಟೇನ್ ಸೀಕ್ರೆಟ್ಟು ಸಾರ್, ಬೇಗ ಹೇಳಿ’ ಅಂತ ಗೊಣಗಿದರು. ಅವಳು ನನ್ನನ್ನೂ ನೋಡಿದಳು, ಅವರನ್ನೂ ನೋಡಿದಳು. ಆಮೇಲೆ ಕಂಪ್ಯೂಟರ್ ಕಡೆ ಬಗ್ಗಿ ಮೆಲ್ಲಗೆ ‘ಹತ್ತು ಒಂಬತ್ತು ಹಾಕ್ತೀನಿ ಬಿಡಿ ಸರ್, ನಮ್ಮಪ್ಪಂಗೂ ಅದನ್ನೇ ಹಾಕೋದು’ ಅಂದಳು.